ನೆರೆ ಇಳಿದ ಮೇಲೆ ವಿಮೆಯ ಹಣ ಪಡೆಯುವ ಬಗೆ

(ಬೆಳ್ಳಿ ಹಬ್ಬದ ಸದಸ್ಯ ಶಿಕ್ಷಣ ಶಿಬಿರದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ಸಂಘದ ಸಾಧನೆ ಹೇಳುವುದು ರೂಢಿ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪದ ಬೆಳಕಿನಲ್ಲೇ ನಾವೂ ಇಪ್ಪತ್ತೈದು ವರ್ಷ ನಡೆದು ಬಂದಿದ್ದೇವೆ. ಷೇರು, ಠೇವು, ಸಾಲ ವಸೂಲಿಯ ಲೆಕ್ಕ ಇದೇ ಸಂಚಿಕೆಯಲ್ಲಿ ಅಚ್ಚಾಗಿದೆ, ಓದಿಕೊಳ್ಳಿರಿ. ಇಂದು ನಾವು ನಮ್ಮ ಎರಡು ತಪ್ಪುಗಳನ್ನು ಹೇಳಲು ನಿಂತಿದ್ದೇವೆ.

ಮಲಪ್ರಭೆ ನಮಗೆ ಹೊಸಬಳಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಬಂದಳು, 2019ರ ಆಗಸ್ಟಿನಲ್ಲಿ ಮತ್ತೆ ಬಂದಳು. ನವಿಲುತೀರ್ಥದಿಂದ ನೀರು ಬಿಟ್ಟ ಸುದ್ದಿ ಬಂದಾಗ ನಾವು ಮೊದಲು ಹಿರಿಯರನ್ನು, ಮಕ್ಕಳನ್ನು, ದನಕರುಗಳನ್ನು ದಿಬ್ಬಕ್ಕೆ ಸಾಗಿಸಿದೆವು. ಅದು ಸರಿಯಾದ ಕೆಲಸ. ತಪ್ಪಿದ್ದು ನೀರು ಇಳಿದ ಮೇಲೆ.

ಗೋದಾಮಿನಲ್ಲಿ ಗೊಬ್ಬರದ ಚೀಲ ಕರಗಿ ರಾಡಿಯಾಗಿತ್ತು, ಬೀಜದ ಚೀಲ ಮೊಳಕೆ ಒಡೆದು ನಾರುತ್ತಿತ್ತು. ಊರಿನ ಹುಡುಗರು ಒಂದೇ ದಿನದಲ್ಲಿ ಎಲ್ಲ ಬಳಿದು ತಿಪ್ಪೆಗೆ ಹಾಕಿದರು. ನಾವೂ ಶಹಬ್ಬಾಸ್ ಅಂದೆವು. ವಿಮಾ ಕಂಪನಿಯ ಸರ್ವೇಯರ್ ಬಂದು, "ಮಾಲು ಎಲ್ಲೈತ್ರಿ?" ಎಂದು ಕೇಳಿದಾಗ ತೋರಿಸಲು ತೊಳೆದ ನೆಲ ಬಿಟ್ಟರೆ ಏನೂ ಇರಲಿಲ್ಲ. ಸ್ಟಾಕ್ ರಿಜಿಸ್ಟರ್ ಕೂಡ ನೀರು ಪಾಲಾಗಿತ್ತು. ಗೊಬ್ಬರ ಕಳಿಸಿದವರ ಕಡೆಯಿಂದ ಬಿಲ್ಲಿನ ನಕಲು ತಂದು, ಬ್ಯಾಂಕಿನ ಲೆಕ್ಕಪತ್ರ ತೆಗೆಸಿ, ಲೆಕ್ಕ ಮತ್ತೆ ಕಟ್ಟುವಷ್ಟರಲ್ಲಿ ತಿಂಗಳುಗಳು ಕಳೆದವು. ಕೊನೆಗೆ ಬಂದದ್ದು ಆದ ಹಾನಿಗಿಂತ ಬಹಳ ಕಡಿಮೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಸದಸ್ಯೆ ಒಬ್ಬ ತಾಯಿ ಸಂಘದ ಸಾಲದಿಂದ ಕಿರಾಣಿ ಅಂಗಡಿ ಇಟ್ಟಿದ್ದರು. ಸಾಲದ ಜೊತೆಗೆ ಅಂಗಡಿಗೆ ವಿಮೆಯೂ ಇತ್ತು. ಕಂತನ್ನು ವರ್ಷಾ ವರ್ಷ ಅವರ ಖಾತೆಯಿಂದ ನಾವೇ ಮುರಿಯುತ್ತಿದ್ದೆವು. ಪಾಲಿಸಿ ನಮ್ಮ ಕಪಾಟಿನಲ್ಲೇ ಇತ್ತು. ನೆರೆಯಲ್ಲಿ ಅಂಗಡಿ ಪೂರಾ ಹೋಯಿತು. ವಿಮೆ ಇರುವ ಸಂಗತಿ ಅವರಿಗೆ ಗೊತ್ತಿರಲಿಲ್ಲ, ನಮಗೆ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಬೇರೆ ಕಾಗದ ಹುಡುಕುವಾಗ ಆ ಪಾಲಿಸಿ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆವು. ಆ ತಾಯಿ ಬೈಯಲಿಲ್ಲ. "ನೀವು ಮೊದಲ ಹೇಳಿದ್ರ ಹಾಳಾದ ಸಾಮಾನು ಒಂದೂ ಒಗೀತಿದ್ದಿಲ್ರಿ" ಅಂದರು, ಅಷ್ಟೆ.

ಕಂಪನಿಯವರು ತಡವಾಯಿತೆಂದು ಕ್ಲೇಮು ತಿರಸ್ಕರಿಸಿದರು. ಆಗ ತಿಳಿದವರೊಬ್ಬರು ನಮಗೆ ದಾರಿ ತೋರಿಸಿದರು. ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಅದನ್ನು ಕಾಣಿಸಿ, ತಡಕ್ಕೆ ಕಾರಣ ನಾವೇ ಎಂದು ಬರೆದುಕೊಟ್ಟು, ಸರಕಾರದ ಹಾನಿ ಸಮೀಕ್ಷೆಯವರು ತೆಗೆದಿದ್ದ ಫೋಟೋಗಳನ್ನು ಲಗತ್ತಿಸಿ ಮತ್ತೆ ಅರ್ಜಿ ಹಾಕಿದೆವು. ಹಣ ಬಂತು, ಆದರೆ ಅರ್ಧಕ್ಕೂ ಕಡಿಮೆ. ಅದೂ ಮೊದಲು ಸಾಲಕ್ಕೆ ಜಮಾ ಆಯಿತು.

ಬಂಧುಗಳೆ, ಈ ಎರಡು ಪೆಟ್ಟಿನಿಂದ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಮೂರು ಬಗೆಯ ಹಣವನ್ನು ಕಲಸಬೇಡಿರಿ. 2019ರಲ್ಲಿ ಸರಕಾರ ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ, ಪೂರಾ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದು ಪರಿಹಾರ. ಬೆಳೆ ವಿಮೆಯ ದಾರಿ ಬೇರೆ. ಅಲ್ಲಿ ಹೊಲಕ್ಕೆ ನೀರು ನುಗ್ಗಿದರೆ 72 ತಾಸಿನೊಳಗೆ ತಿಳಿಸಬೇಕು. ಮನೆ, ಅಂಗಡಿ, ಗೋದಾಮಿನ ವಿಮೆ ಮೂರನೆಯದು. ತಲಾಟಿಯವರು ಬಂದು ಬರೆದುಕೊಂಡು ಹೋದರು ಅಂದಮಾತ್ರಕ್ಕೆ ವಿಮಾ ಕಂಪನಿಗೆ ತಿಳಿಸಿದಂತೆ ಆಗುವುದಿಲ್ಲ.

ಎರಡನೆಯದು, ಪಾಲಿಸಿಯಲ್ಲಿ ಏನಿದೆ ಎಂದು ಈಗಲೇ ನೋಡಿರಿ. ಹಳೆಯ ಬೆಂಕಿ ವಿಮೆಯಲ್ಲಿ ಕಂತು ಕಡಿಮೆ ಮಾಡಲು ಬಿರುಗಾಳಿ, ಪ್ರವಾಹದ ಭಾಗವನ್ನೇ ತೆಗೆಸುವ ಅವಕಾಶವಿತ್ತು. ನಾಲ್ಕು ಕಾಸು ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಂಡಂತೆ! 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಮನೆ ವಿಮೆ ಸಿಗುತ್ತದೆ. ಬೆಂಕಿ, ಭೂಕಂಪ, ಪ್ರವಾಹ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಮನೆ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆಯ ಸಾಮಾನಿಗೂ ರಕ್ಷಣೆ ಇದೆ. ಅಂಗಡಿ, ಸಣ್ಣ ಉದ್ದಿಮೆಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಇದೆ.

ಮೂರನೆಯದು, ಮಾಲಿನ ಬೆಲೆ ಕಡಿಮೆ ತೋರಿಸಬೇಡಿರಿ. ಅಂಗಡಿಯಲ್ಲಿ 10 ಲಕ್ಷದ ಮಾಲಿದೆ, ವಿಮೆ 6 ಲಕ್ಷಕ್ಕೆ ಮಾತ್ರ ಇದೆ ಅನ್ನಿ. 4 ಲಕ್ಷದ ಹಾನಿಯಾದರೆ ಪೂರಾ 4 ಲಕ್ಷ ಸಿಗುವುದಿಲ್ಲ. ಹತ್ತರಲ್ಲಿ ಆರು ಪಾಲು ಎಂದು ಲೆಕ್ಕ ಹಾಕಿ 2 ಲಕ್ಷ 40 ಸಾವಿರ ಕೊಡುತ್ತಾರೆ. ಉಳಿದದ್ದು ನಮ್ಮ ತಲೆಯ ಮೇಲೆ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಉದ್ಯಮ ಸುರಕ್ಷಾದಲ್ಲಿ ಕೊರತೆ ಶೇಕಡಾ 15ರ ಒಳಗಿದ್ದರೆ ಮನ್ನಾ ಇದೆ.

ನಾಲ್ಕನೆಯದು, ನೀರು ಇಳಿದ ದಿನದ ಕೆಲಸ. ಅಂದೇ ಕಂಪನಿಗೆ ಫೋನ್ ಮಾಡಿ ಕ್ಲೇಮಿನ ನಂಬರು ಬರೆದುಕೊಳ್ಳಿರಿ, ಆಮೇಲೆ ಬರವಣಿಗೆಯಲ್ಲೂ ಕಳಿಸಿರಿ. ಏನನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಬಿದ್ದ ಗೋಡೆ, ಒಳಗಿನ ಸಾಮಾನು ಎಲ್ಲವೂ ಫೋಟೋದಲ್ಲಿ ಬರಲಿ. ಹಾಳಾದ ಮಾಲನ್ನು ಒಂದು ಕಡೆ ಒಟ್ಟಿ, ಎಣಿಸಿ, ಪಟ್ಟಿ ಮಾಡಿ ಇಡಿರಿ. ಚಲೋ ಉಳಿದದ್ದನ್ನು ಬೇರೆ ಮಾಡಿ ಒಣಗಿಸಿರಿ. ಹಾನಿ ಇನ್ನೂ ಬೆಳೆಯದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವರ ಹೊಣೆ. ಕೊಳೆತು ರೋಗ ಹರಡುವಂಥದ್ದಿದ್ದರೆ ಕಂಪನಿಗೆ ತಿಳಿಸಿ, ಪಂಚನಾಮೆ ಮಾಡಿಸಿ, ಫೋಟೋ ತೆಗೆದ ಮೇಲೆಯೇ ಒಗೆಯಿರಿ.

ಐದನೆಯದು, ಸರ್ವೇಯರ್ ಬಂದಾಗ ಮಾಲೀಕರು ಖುದ್ದಾಗಿ ಇರಿ. ಇವರು ಹೊಲ ಅಳೆಯುವ ಸರ್ವೇಯರ್ ಅಲ್ಲ, ಹಾನಿ ಅಳೆಯುವವರು. ಇದ್ದದ್ದು ಇದ್ದಂತೆ ಹೇಳಿರಿ. ಒಂದು ಚೀಲ ಹೆಚ್ಚಿಗೆ ಬರೆಸಿದರೆ ಉಳಿದ ತೊಂಬತ್ತೊಂಬತ್ತು ಚೀಲದ ಮೇಲೂ ಸಂಶಯ ಬರುತ್ತದೆ. ಅವರು ಕೇಳಿದ ಕಾಗದಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿರಿ. 2024ರ ನಿಯಮದಂತೆ ತಿಳಿಸಿದ 24 ತಾಸಿನೊಳಗೆ ಸರ್ವೇಯರನ್ನು ನೇಮಿಸಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ಆರನೆಯದು, 'ಪೂರ್ಣ ಮತ್ತು ಅಂತಿಮ' ಎಂದಿರುವ ಕಾಗದಕ್ಕೆ ಓದದೆ ಸಹಿ ಮಾಡಬೇಡಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ಯಾವ ಲೆಕ್ಕದಲ್ಲಿ ಕಡಿತವಾಯಿತು ಎಂದು ಬರೆದು ಕೇಳಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ 155255 ನಂಬರಿಗೂ ಫೋನ್ ಮಾಡಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅಲ್ಲಿ ಫೀ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ಬಗೆಹರಿಸುತ್ತಾರೆ. ಇದಲ್ಲದೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇದೆ.

ಕೊನೆಯದಾಗಿ, ಸಂಘದ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಇನ್ನು ಮೇಲೆ ಸಾಲದ ಜೊತೆ ವಿಮೆ ಇರುವ ಪ್ರತಿಯೊಬ್ಬ ಸದಸ್ಯರಿಗೂ ಪಾಲಿಸಿಯ ನಕಲನ್ನು ಸಹಿ ಪಡೆದು ಕೈಗೆ ಕೊಡುತ್ತೇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲು, ಯಾರ ವಿಮೆ ಯಾವಾಗ ಮುಗಿಯುತ್ತದೆ ಎಂಬ ಯಾದಿಯನ್ನು ಕಚೇರಿಯ ಗೋಡೆಗೆ ಹಚ್ಚುತ್ತೇವೆ. ಸ್ಟಾಕ್ ರಿಜಿಸ್ಟರಿನ ನಕಲನ್ನು ಪ್ರತಿ ವಾರ ಊರ ಹೊರಗೆ ಕಳಿಸಿ ಇಡಿಸುತ್ತೇವೆ. ನೆರೆ ಬಂದರೆ ಪಾಲಿಸಿ ಇದ್ದವರ ಮನೆ ಮನೆಗೆ ಹೋಗಿ ನೆನಪಿಸುವ ಕೆಲಸ ಮಂಡಳಿಯ ನಿರ್ದೇಶಕರದು. ಆ ತಾಯಿ ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಅಂಗಡಿಯನ್ನು ಮತ್ತೆ ತೆರೆದಿದ್ದಾರೆ. ಮೊದಲ ನಕಲನ್ನು ಅವರ ಕೈಗೇ ಕೊಟ್ಟು ಈ ಕೆಲಸ ಶುರು ಮಾಡುತ್ತೇವೆ.