ಕ್ಲಿಪ್ ಹಾಕಿಸಲು ಕೋಟೆಯವರೆಗೆ



ಬೆಂಗಳೂರಿನೊಳಗೆ ಬಹುಕಾಲ ಎರಡು ಊರುಗಳಿದ್ದವು. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಕಡೆ ಬೀಡುಬಿಟ್ಟಾಗ ದಂಡು, ಅಂದರೆ ಕಂಟೋನ್ಮೆಂಟ್, ಹುಟ್ಟಿತು. ಪೇಟೆ ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಆಸ್ಪತ್ರೆಗಳೂ ಹಾಗೇ ಬೇರೆಯಾದವು. ದಂಡಿನವರಿಗೆ 1860ರ ದಶಕದಲ್ಲಿ ಕಮಿಷನರ್ ಬೌರಿಂಗ್ ಅವರ ಹೆಸರಿನದು, ಪೇಟೆಯವರಿಗೆ 1900ರಲ್ಲಿ ವಿಕ್ಟೋರಿಯಾ. 1949ರಲ್ಲಿ ಊರುಗಳು ಒಂದೇ ಕಾರ್ಪೊರೇಷನ್ ಆದವು. 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ಮಾತ್ರ ನೆಲೆ ಕಂಡದ್ದು ಕೋಟೆಯ ಬಳಿ, ವಿಕ್ಟೋರಿಯಾದ ಮಗ್ಗುಲಲ್ಲಿ.

ಶಿವಾಜಿನಗರದ, ಕೆ.ಆರ್. ಪುರದ ಬಡ ಮನೆಯ ಮಗುವಿಗೆ ಹಲ್ಲು ಉಬ್ಬಿದ್ದರೆ ಇಂದಿಗೂ ದೊಡ್ಡ ಆಸರೆ ಆ ಕಾಲೇಜೇ. ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗವೆಂದರೆ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ವೈದ್ಯರು. ಹಲ್ಲು ಕೀಳುವುದು, ಹುಳುಕು ತುಂಬುವುದು, ನೋವು ತಗ್ಗಿಸುವುದು, ಇಷ್ಟರಲ್ಲೇ ಅವರ ದಿನ ಮುಗಿಯುತ್ತದೆ.

ಉಬ್ಬಿದ ಹಲ್ಲು ಸರಿಪಡಿಸುವ ಕ್ಲಿಪ್ಪಿನ ಸರದಿ ಬೇರೆ ಸರದಿಗಳಂತಲ್ಲ. ಹಲ್ಲು ಕೀಳಿಸಿಕೊಂಡವರು ಎದ್ದು ಮನೆಗೆ ಹೋಗುತ್ತಾರೆ, ಕುರ್ಚಿ ಖಾಲಿಯಾಗುತ್ತದೆ. ಕ್ಲಿಪ್ ಹಾಕಿಸಿಕೊಂಡ ಮಗು ತಿಂಗಳಿಗೊಮ್ಮೆಯಂತೆ ಒಂದೂವರೆ, ಎರಡು ವರ್ಷ ಬರುತ್ತಲೇ ಇರಬೇಕು. ತಂತಿ ಒತ್ತಿದ ಕಡೆ ಮೂಳೆ ಕರಗಿ, ಹಿಂದೆ ಹೊಸ ಮೂಳೆ ಕೂಡಿಕೊಂಡರಷ್ಟೇ ಹಲ್ಲು ಸರಿಯುತ್ತದೆ. ಅವಸರ ಮಾಡಿದರೆ ಬೇರಿಗೇ ಪೆಟ್ಟು. ಒಬ್ಬ ತಜ್ಞರು ತಿಂಗಳಿಗೆ 10 ಹೊಸ ಮಕ್ಕಳನ್ನು ತೆಗೆದುಕೊಂಡರೆಂದು ಇಟ್ಟುಕೊಳ್ಳಿ. ಎರಡು ವರ್ಷದ ಹೊತ್ತಿಗೆ ಹಳಬರಷ್ಟೇ ತಿಂಗಳಿಗೆ ಸುಮಾರು 240 ಮಂದಿ. ಆಗ ಒಂದು ಹುದ್ದೆ ಖಾಲಿ ಬಿದ್ದರೆ ಹೊಸಬರು ಹೊರಗೆ ಉಳಿಯುವುದಷ್ಟೇ ಅಲ್ಲ, ಬಾಯಲ್ಲಿ ತಂತಿ ಇರುವ ಮಕ್ಕಳು ನಡುದಾರಿಯಲ್ಲಿ ನಿಲ್ಲುತ್ತಾರೆ. ಕಾಲೇಜಿನಲ್ಲಿ ಈ ಕೆಲಸಕ್ಕೆ ಕೈಜೋಡಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳೂ ಮೂರು ವರ್ಷಕ್ಕೆ ಓದು ಮುಗಿಸಿ ಹೋಗುವವರು. ಅರ್ಧವಾದದ್ದನ್ನು ಮುಂದಿನ ತಂಡ ಹೊತ್ತುಕೊಳ್ಳಬೇಕು. ಹುದ್ದೆ ಮಂಜೂರು ಮಾಡುವವರು ಈ ಲೆಕ್ಕ ಹಾಕುವುದೇ ಇಲ್ಲ ಎಂಬುದು ನನ್ನ ದೂರು.

ಯೋಜನೆಗಳು ಬಂದಿಲ್ಲವೆಂದಲ್ಲ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳ ಹುಳುಕು ಹಲ್ಲು, ಸೀಳುತುಟಿಯನ್ನು ಗುರುತಿಸುತ್ತದೆ. ನಮ್ಮ ರಾಜ್ಯದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಟ್ಟಿತು, ದೊಡ್ಡ ಉಪಕಾರ ಅದು. ವಕ್ರಹಲ್ಲು ಮಾತ್ರ ಅಂದಚಂದದ ವಿಷಯವೆಂದು ಬದಿಗೆ ಸರಿಯಿತು. ಅದು ಬರೀ ಅಂದದ ಮಾತಲ್ಲ: ಮಗು ಬಿದ್ದಾಗ ಉಬ್ಬಿದ ಮುಂಬಲ್ಲು ಬೇಗ ಮುರಿಯುತ್ತದೆ. ಸೀಳುತುಟಿ, ಸೀಳು ಅಂಗುಳಿನ ಮಗುವಿಗಂತೂ ಶಸ್ತ್ರಚಿಕಿತ್ಸೆಯಾದ ಮೇಲೂ ವರ್ಷಗಟ್ಟಲೆ ಕ್ಲಿಪ್ಪಿನ ಆರೈಕೆ ಬೇಕು. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲೂ ಉದ್ದನೆಯ ಸರದಿಯಿದೆ, ಆದರೆ ಅಲ್ಲಿ ತೊಂದರೆಯನ್ನು ಐದು ದರ್ಜೆಗಳಲ್ಲಿ ಅಳೆದು ಹೆಚ್ಚು ಅಗತ್ಯವಿರುವ ಮಕ್ಕಳನ್ನು ಆರಿಸುತ್ತಾರೆ. ಇಲ್ಲೂ ಅಂಥದೊಂದು ಅಳತೆ ಜಾರಿಗೆ ಬರಲಿ.

ಇನ್ನು ಕಾಲೇಜಿಗೆ ಹೋಗುವ ದಾರಿ. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗ ಕೆ.ಆರ್. ಪುರ ಮುಟ್ಟಿತು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದರೆ ಕಾಲೇಜಿನ ಹತ್ತಿರದ ಮಾರ್ಕೆಟ್ ನಿಲ್ದಾಣ. ದಾರಿ ಸುಲಭವಾಯಿತು ನಿಜ. ಆದರೂ ಮನೆಗೆಲಸದ ತಾಯಿಗೆ ತಿಂಗಳಿಗೊಂದು ದಿನದ ಕೂಲಿ, ಮಗುವಿಗೊಂದು ದಿನದ ಶಾಲೆ ತಪ್ಪುತ್ತದೆ. ಮೊದಲ ತಪಾಸಣೆ, ಕ್ಲಿಪ್ ಅಂಟಿಸುವುದು ಕೋಟೆ ಬಳಿಯ ಕಾಲೇಜಿನಲ್ಲೇ ಆಗಲಿ. ತಿಂಗಳಿಗೊಮ್ಮೆ ತಂತಿ ಬಿಗಿಸಲು ಬೌರಿಂಗ್‌ನಲ್ಲಿ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಕೆ.ಆರ್. ಪುರದಲ್ಲಿ ವಾರಕ್ಕೆರಡು ದಿನ ತಜ್ಞರು ಕೂರಲಿ. ಅದಕ್ಕೆ ಬೇಕಾದ ಹುದ್ದೆಗಳು ಕಾಯಂ ಆಗಿರಲಿ, ಒಬ್ಬರು ವರ್ಗವಾಗುವ ಮುನ್ನವೇ ಅವರ ಮಕ್ಕಳ ಕಡತ ಮುಂದಿನವರ ಕೈ ಸೇರಲಿ.