ನೀರಿನ ಬಿಲ್ಲು ಮತ್ತು ಇಂಗ್ಲಿಷ್ ಪಾಠ

ಇಂಗ್ಲಿಷ್ ಪಾಠದಲ್ಲಿ ಪರಿಸರಕ್ಕೆ ಜಾಗವಿಲ್ಲ ಎಂದು ಈಗ ಯಾರೂ ದೂರುವಂತಿಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ನಿರ್ದೇಶಿಸಿತು. ಇಂದು ಭಾಷಾ ಪಠ್ಯಗಳಲ್ಲೂ ಆ ವಿಷಯ ಇದೆ. ಆದರೆ ಅದು ಬಂದಿರುವ ರೀತಿ ನೋಡಿ. ಮಾಲಿನ್ಯದ ಮೇಲೊಂದು ಪ್ರಬಂಧ: ಪೀಠಿಕೆ, ಕಾರಣ, ಪರಿಣಾಮ, ಪರಿಹಾರ, ಉಪಸಂಹಾರ. ಗೈಡಿನಲ್ಲಿ ಇದ್ದದ್ದನ್ನು ಉರು ಹೊಡೆದು ಉತ್ತರಪತ್ರಿಕೆಗೆ ಇಳಿಸಿದರೆ ಅಂಕ ಗ್ಯಾರಂಟಿ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಕಲಬುರಗಿಯ ಮಗುವೂ ಕಡಲ್ಕೊರೆತ ಕಂಡ ಉಳ್ಳಾಲದ ಮಗುವೂ ಬರೆಯುವ ವಾಕ್ಯ ಒಂದೇ: ಮರ ನೆಡಬೇಕು, ಪ್ಲಾಸ್ಟಿಕ್ ಬಿಡಬೇಕು. ಇದರಿಂದ ಪರಿಸರವೂ ತಿಳಿಯುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳ ಮುಂದೆ ಪರಿಸರ ಉಪದೇಶವಾಗಿ ಬರದೆ, ಬಿಡಿಸಬೇಕಾದ ಲೆಕ್ಕವಾಗಿ ಬರಬೇಕು. ಈ ಉಪನ್ಯಾಸದಲ್ಲಿ ನಾನು ಹೇಳಹೊರಟಿರುವುದು ಅಷ್ಟೇ.

ಇದಕ್ಕೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಸಂಗಡಿಗರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಚರಿತ್ರೆಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಹೊರದೇಶದ ತರಬೇತಿಗಳಲ್ಲಿ ಅದನ್ನು ಓದಿಸುತ್ತಾರೆ. ನಮ್ಮಲ್ಲಿ ನೆನೆಯುವವರು ಕಡಿಮೆ. ಅಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಕೊಟ್ಟು ಪ್ರಶ್ನೆ ಕೇಳುತ್ತಿದ್ದರು. ಮಗುವಿನ ಗಮನವೆಲ್ಲ ಉತ್ತರ ಹುಡುಕುವುದರಲ್ಲಿದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಇದ್ದ ಮಾಹಿತಿಯಿಂದ ಇಲ್ಲದ್ದನ್ನು ತರ್ಕಿಸಿ ತೆಗೆಯುವ ಕೆಲಸವೇ ಎಲ್ಲಕ್ಕಿಂತ ಫಲಕಾರಿ ಎಂದೂ ಅವರು ಕಂಡುಕೊಂಡರು. 1985ರಲ್ಲಿ ಪ್ರಕಟವಾದ ಮೌಲ್ಯಮಾಪನ ಇದನ್ನು ಹಾಡಿ ಹೊಗಳಲಿಲ್ಲ: ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದಿದ್ದರು, ಕಲಿತದ್ದನ್ನು ಸಂದರ್ಭದಲ್ಲಿ ಬಳಸುವ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು. ನನಗೆ ಬೇಕಿರುವುದು ಈ ಎರಡನೆಯ ಮಾತು.

ರೈಲಿನ ವೇಳಾಪಟ್ಟಿಯ ಜಾಗದಲ್ಲಿ ಬೆಂಗಳೂರು ಜಲಮಂಡಳಿಯ ಒಂದು ಬಿಲ್ಲು ಇಡೋಣ. ಹಿಂದಿನ ರೀಡಿಂಗು, ಈಗಿನ ರೀಡಿಂಗು, ಬಳಕೆ ಏರಿದಂತೆ ದುಬಾರಿಯಾಗುವ ದರ, ಒಳಚರಂಡಿ ಶುಲ್ಕ, ಎಲ್ಲ ಅದರಲ್ಲಿವೆ. ನಾಲ್ಕು ಜನರ ಮನೆ ತಿಂಗಳಿಗೆ 18 ಸಾವಿರ ಲೀಟರ್ ಬಳಸಿದೆ ಎನ್ನಿ. ತಲೆಗೆ ದಿನಕ್ಕೆ 150 ಲೀಟರ್. ಈ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಮೇಲೆತ್ತಲು, ಏನೂ ನಷ್ಟವಾಗದಿದ್ದರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಅಂದರೆ ಈ ಮನೆಯ ನೀರಿಗೆ ತಿಂಗಳಿಗೆ 25 ಯೂನಿಟ್. ಆ ಮನೆಯ ಕರೆಂಟ್ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ. ಸಂಪಿನಿಂದ ಟ್ಯಾಂಕಿಗೆ ಏರಿಸುವುದು ಬೇರೆ. ಇದನ್ನು ಮಕ್ಕಳು ಬಿಡಿಸಿ ಇಂಗ್ಲಿಷಿನಲ್ಲಿ ಒಪ್ಪಿಸುವಾಗ ಹೋಲಿಕೆಯ ರೂಪಗಳು, ‘ಇಷ್ಟಾದರೆ ಅಷ್ಟು’ ಎಂಬ ಷರತ್ತಿನ ವಾಕ್ಯಗಳು, ಕರ್ಮಣಿ ಪ್ರಯೋಗ, ಎಲ್ಲವೂ ಬೇಕಾಗಿಯೇ ಬರುತ್ತವೆ. ಮುಂದಿನ ಪ್ರಶ್ನೆ ಇನ್ನೂ ಗಟ್ಟಿ: ಬಳಸಿದ ನೀರು ಎಲ್ಲಿಗೆ ಹೋಯಿತು? ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಕೆರೆಗೆ ನೀರು ಬಂದಿತೆಂದು ಹಿಗ್ಗಿದವರಿದ್ದಾರೆ. ಮೂರನೇ ಹಂತದ ಸಂಸ್ಕರಣೆ ಇಲ್ಲದೆ ಬಿಡಬಾರದೆಂದು ಪಟ್ಟು ಹಿಡಿದವರೂ ಇದ್ದಾರೆ. ಇಬ್ಬರಲ್ಲೂ ಹುರುಳಿದೆ. ಅದಕ್ಕೇ ಅದು ತರಗತಿಯಲ್ಲಿ ವಾದಿಸಲು ಯೋಗ್ಯ.

ಇಂಗ್ಲಿಷ್ ಮೇಷ್ಟ್ರಿಗೆ ಜಲವಿಜ್ಞಾನ ಗೊತ್ತೇ ಎಂದು ಕೇಳುವವರಿದ್ದಾರೆ. ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು; ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಮೇಡಂ ಇರುತ್ತಾರೆ. ಕೆರೆ, ತೂಬು, ಕೋಡಿಗಳ ತಿಳಿವಳಿಕೆ ಕನ್ನಡದಲ್ಲಿದೆ, ಅದನ್ನು ಇಂಗ್ಲಿಷಿಗೆ ಒಯ್ದರೆ ತೆಳುವಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಚರ್ಚೆ ಕನ್ನಡದಲ್ಲೇ ನಡೆಯಲಿ, ವರದಿ ಮಾತ್ರ ಇಂಗ್ಲಿಷಿನಲ್ಲಿರಲಿ ಎಂಬುದು ನನ್ನ ಉತ್ತರ. ಯೋಚನೆಗೆ ಒಂದು ಭಾಷೆ, ಒಪ್ಪಿಸಲು ಇನ್ನೊಂದು: ಮುಂದೆ ಕಚೇರಿ, ಕಾಲೇಜುಗಳಲ್ಲಿ ಈ ಮಕ್ಕಳು ಮಾಡಬೇಕಾದದ್ದೂ ಅದನ್ನೇ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ನ್ಯಾಯದ್ದು: ಕಡಿಮೆ ಬಳಸುವವರಿಗೇ ಉಳಿತಾಯದ ಪಾಠವೇಕೆ? ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನ ಬೂದಿ ಅಲ್ಲಿ, ಬೆಳಕು ರಾಜ್ಯಕ್ಕೆಲ್ಲ. ಎರಡು ಬಲ್ಬು, ಒಂದು ಫ್ಯಾನು ಇರುವ ಆ ಆಸುಪಾಸಿನ ಮನೆಯ ಮಗುವಿಗೆ ‘ಸರಳವಾಗಿ ಬದುಕು’ ಎಂದು ಇಂಗ್ಲಿಷಿನಲ್ಲಿ ಬೋಧಿಸುವುದಕ್ಕೆ ನಾಚಿಕೆಯಾಗಬೇಕು. ಉಪದೇಶ ಬೇಡ ಎನ್ನಲು ನನಗಿರುವ ದೊಡ್ಡ ಕಾರಣವೂ ಇದೇ. ಆ ಮಗುವಿನ ಕೈಗೆ ತನ್ನ ಮನೆಯ ಕರೆಂಟ್ ಬಿಲ್ಲನ್ನೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಿಲ್ಲನ್ನೂ ಕೊಟ್ಟು ನೋಡಿ. ಯಾರು ಕಡಿಮೆ ಮಾಡಬೇಕು, ಯಾರಿಗೆ ಇನ್ನಷ್ಟು ಸಿಗಬೇಕು ಎಂಬುದನ್ನು ಅದೇ ಬರೆಯುತ್ತದೆ, ವ್ಯಾಕರಣ ಅಲ್ಲಲ್ಲಿ ತಪ್ಪಿದರೂ.

ಪರೀಕ್ಷೆಯ ಗತಿಯೇನು ಎಂಬುದೊಂದು ಉಳಿಯಿತು. ಪ್ರಶ್ನೆಪತ್ರಿಕೆಯಲ್ಲಿ ಪ್ರಬಂಧದ ಬದಲು ಒಂದು ಬಿಲ್ಲನ್ನೋ ಮಳೆಯ ಕೋಷ್ಟಕವನ್ನೋ ಅಚ್ಚು ಹಾಕಿ, ಅದರಿಂದ ಒಂದು ತೀರ್ಮಾನಕ್ಕೆ ಬಂದು ಕಾರಣ ಕೊಡಿ ಎಂದು ಕೇಳಬಹುದು. ಗೈಡಿನವರಿಗೆ ಇದು ಕಷ್ಟ. ಮೌಲ್ಯಮಾಪಕರೂ ಪ್ರತಿ ಉತ್ತರವನ್ನು ನಿಜವಾಗಿ ಓದಬೇಕಾಗುತ್ತದೆ. ಅದಕ್ಕೆ ತಕ್ಕ ಸಮಯವನ್ನೂ ಸಂಭಾವನೆಯನ್ನೂ ಪರೀಕ್ಷಾ ಮಂಡಳಿ ಕೊಡಬೇಕಾಗುತ್ತದೆ.