ಹಳೆಯ ಬಟ್ಟಲು, ಹೊಸ ಅತಿಥಿ



ಮನೆಗೆ ಬಂದವರ ಮುಂದೆ ಹಳೆಯ ಕಾಲದ ಪಾತ್ರೆಗಳಲ್ಲಿ ಕಾಫಿಯನ್ನಿಡುವುದು ಈಚೆಗೆ ಪಟ್ಟಣವಾಸಿಗಳಲ್ಲಿ ಒಂದು ಸೊಗಸೆನಿಸಿಕೊಂಡಿದೆ. ಅಜ್ಜಿಯ ಕಾಲದ ಹಿತ್ತಾಳೆಯ ಲೋಟ, ಹೂಬಳ್ಳಿಯ ಚಿತ್ರವುಳ್ಳ ಪಿಂಗಾಣಿಯ ಕಪ್ಪು-ಬಸಿ, ಅಂಚು ಸವೆದ ಎನಾಮೆಲ್ ತಟ್ಟೆ, ಇವುಗಳನ್ನು ಹುಡುಕಿ ತಂದು, ಬೆಳಗಿ, ಸಾಲಾಗಿ ಜೋಡಿಸಿಡುವವರು ಅನೇಕರಿದ್ದಾರೆ. ನಾವೂ ಈ ಹವ್ಯಾಸಕ್ಕೆ ಒಳಗಾದವರೇ. ಆದಕಾರಣ ಇಂತಹ ಪದಾರ್ಥಗಳನ್ನು ಆರಿಸುವುದು ಹೇಗೆ, ಕಾಪಾಡುವುದು ಹೇಗೆ, ಎಲ್ಲಕ್ಕಿಂತ ಮಿಗಿಲಾಗಿ ಅವುಗಳನ್ನು ಅತಿಥಿಯ ಕೈಗೆ ಕೊಡುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಾವಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಹಿಂದೆ ಊರ ಹೊರಗಣ ಹಳ್ಳಿಯಾಗಿದ್ದ ಇದು, ನಗರವು ಬೆಳೆದಂತೆ ಅದರೊಳಗೆ ಸೇರಿಹೋಯಿತು. ಹಳೆಯ ಮನೆಯೊಂದನ್ನು ಕೆಡವಿ ಹೊಸದನ್ನು ಕಟ್ಟಿಸುವ ದಿನ ಮೊದಲು ಖಾಲಿಯಾಗುವುದು ಅಟ್ಟ. ಅಲ್ಲಿಂದ ಇಳಿದ ಕೊಪ್ಪರಿಗೆ, ತಂಬಿಗೆ, ಲೋಟಗಳು ನೇರವಾಗಿ ತಕ್ಕಡಿಯನ್ನೇರುತ್ತವೆ. ಮದುವೆಯಲ್ಲಿ ತವರಿನವರು ಕೊಟ್ಟ ಲೋಟದ ಮೇಲೆ ಉಳಿಯ ಮೊನೆಯಿಂದ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆಸುವ ವಾಡಿಕೆ ನಮ್ಮಲ್ಲಿತ್ತು. ಅಕ್ಷರವರಿಯದ ಎಷ್ಟೋ ಹೆಣ್ಣುಮಕ್ಕಳ ಹೆಸರು ಬರೆಹವಾಗಿ ಉಳಿದಿರುವುದು ಈ ಪಾತ್ರೆಗಳ ಮೇಲೆ ಮಾತ್ರ. ತಕ್ಕಡಿಗೆ ಹೆಸರಿನ ತೂಕ ತಿಳಿಯದು. ಹವ್ಯಾಸಕ್ಕೆ ಕೈಹಾಕುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡುವುದು ಒಳ್ಳೆಯದು.

ಕಾಫಿಯ ಬೀಜ ನಮ್ಮ ಚಂದ್ರದ್ರೋಣ ಪರ್ವತಕ್ಕೆ ಬಾಬಾಬುಡನರ ಮೂಲಕ 17ನೆಯ ಶತಮಾನದಲ್ಲಿ ಬಂದಿತೆಂದು ಪ್ರತೀತಿ. ಆದರೆ ಅದು ಮನೆಮನೆಯ ಪಾನವಾದುದು ಬಹಳ ಈಚೆಗೆ, 20ನೆಯ ಶತಮಾನದ ಮೊದಲ ದಶಕಗಳಲ್ಲಿ. ಹೊಸ ಪಾನಕ್ಕೆ ಹೊಸ ಪಾತ್ರೆಯನ್ನು ಯಾರೂ ಮಾಡಿಸಲಿಲ್ಲ. ಮನೆಯಲ್ಲಿದ್ದ ಲೋಟ, ಬಟ್ಟಲುಗಳೇ ಒದಗಿದವು. ಬಿಸಿಯನ್ನು ಆರಿಸಲು ಬಟ್ಟಲು, ತುಟಿ ಸೋಕದೆ ಎತ್ತಿ ಕುಡಿಯಲು ಹೊರಕ್ಕೆ ಬಾಗಿದ ಅಂಚಿನ ಲೋಟ. ಪಿಂಗಾಣಿ ಬಂದಾಗ ಮಡಿವಂತರು ಅದನ್ನು ಅಡುಗೆಮನೆಗೆ ಸೇರಿಸಲಿಲ್ಲ. ಲೋಹವಾದರೆ ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿದರೆ ಶುದ್ಧವಾಗುವುದು. ಮಣ್ಣಿನದು ಒಮ್ಮೆ ಎಂಜಲಾದರೆ ಮುಗಿಯಿತು ಎಂಬುದು ಅವರ ವಾದ. ಹೀಗೆ ಪಿಂಗಾಣಿಯ ಕಪ್ಪು ಬಹುಕಾಲ ಪಡಸಾಲೆಯಲ್ಲಿಯೇ ಉಳಿದು, ಅಧಿಕಾರಿಗಳಿಗೂ ದೂರದ ಅತಿಥಿಗಳಿಗೂ ಮೀಸಲಾಯಿತು. ಹಳೆಯ ಮನೆಗಳಲ್ಲಿ ಅದು ಹೆಚ್ಚು ಸವೆಯದೆ ಸಿಕ್ಕುವುದುಂಟು. ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಆಯ್ಕೆಯ ವಿಷಯ. ಪಿಂಗಾಣಿಯ ಬಟ್ಟಲನ್ನು ಅಂಗೈಯ ಮೇಲಿಟ್ಟು ಬೆರಳ ಉಗುರಿನಿಂದ ಮೆಲ್ಲನೆ ತಟ್ಟಿರಿ. ಗಂಟೆಯಂತೆ ನಾದ ಬಂದರೆ ಗಟ್ಟಿ. ಮಂಕಾದ ಸದ್ದು ಬಂದರೆ ಎಲ್ಲಿಯೋ ಕೂದಲೆಳೆಯ ಬಿರುಕಿದೆಯೆಂದು ತಿಳಿಯಬೇಕು. ಬಳಿಕ ದೀಪಕ್ಕೆ ಹಿಡಿದು ನೋಡಿರಿ. ಬೆರಳುಗಳ ನೆರಳು ಆಚೆಯಿಂದ ಕಾಣುವಷ್ಟು ತೆಳುವಾಗಿದ್ದರೆ ಅದು ಉತ್ತಮ ಪಿಂಗಾಣಿ, ಇಲ್ಲವೆ ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬೋನ್ ಚೈನಾ. ಈ ಎರಡನೆಯದರ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ದನದ ಮೂಳೆಯ ಬೂದಿ ಸೇರಿರುತ್ತದೆ. ಶಾಕಾಹಾರವನ್ನು ವ್ರತದಂತೆ ಪಾಲಿಸುವ ಮನೆತನಗಳು ನಮ್ಮ ದಾವಣಗೆರೆಯಲ್ಲಿ ಬಹಳ. ಅಂತಹ ಅತಿಥಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿ ಬೇರೆ ಬಟ್ಟಲನ್ನೂ ಮುಂದಿಡುವುದು ಸಭ್ಯತೆ.

ಬಟ್ಟಲಿನ ವಯಸ್ಸನ್ನು ಹೇಳುವುದು ಅದರ ಅಡಿ. 1890ರ ಅಮೆರಿಕದ ಸುಂಕದ ಕಾನೂನು, ಆ ದೇಶಕ್ಕೆ ಬರುವ ಸಾಮಾನಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು ವಿಧಿಸಿತು. ಅಂದಿನಿಂದ ಪಾತ್ರೆಗಳ ಅಡಿಯಲ್ಲಿ ದೇಶದ ಹೆಸರು ಕಾಣಿಸುವುದು ಸಾಮಾನ್ಯವಾಯಿತು. ಜಪಾನಿನವರು 1921ರವರೆಗೆ ‘ನಿಪ್ಪಾನ್’ ಎಂದೂ ಅನಂತರ ‘ಜಪಾನ್’ ಎಂದೂ ಮುದ್ರೆಯೊತ್ತಿದರು. ಎರಡನೆಯ ಮಹಾಯುದ್ಧದ ತರುವಾಯ 1952ರವರೆಗೆ ‘ಆಕ್ರಮಿತ ಜಪಾನ್’ ಎಂಬರ್ಥದ ಇಂಗ್ಲಿಷ್ ಮುದ್ರೆಯೂ ಬಂದಿತು. ನಮ್ಮ ದೇಶದ ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್ ಮುದ್ರೆಯ ಬಟ್ಟಲುಗಳೂ ಸಂಗ್ರಹಕ್ಕೆ ಯೋಗ್ಯವೇ. ವಿಲಾಯತಿಯದೆಂಬ ಮಾತ್ರಕ್ಕೆ ಹೆಚ್ಚು ಬೆಲೆ ಕೊಡಬೇಕಾದ್ದಿಲ್ಲ.

ಬಳಕೆಯಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಹಳೆಯ ಬಟ್ಟಲುಗಳ ಮೆರುಗಿನಲ್ಲಿಯೂ ಬಣ್ಣದಲ್ಲಿಯೂ ಸೀಸವಿರಬಹುದು. ಒಳಮೈಯಲ್ಲಿ ಚಿತ್ರವಿದ್ದರೆ, ಬಣ್ಣ ಸವೆದಿದ್ದರೆ, ಮೆರುಗು ಬಿರಿದಿದ್ದರೆ, ಅದು ನೋಡಲು ಮಾತ್ರ. ನಿಂಬೆಯ ಪಾನಕ, ಹುಳಿ, ಉಪ್ಪಿನಕಾಯಿಗಳನ್ನಂತೂ ಅದರಲ್ಲಿ ಹಾಕಲಾಗದು. ಎರಡನೆಯದು, ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಸೇರಿದರೆ ಕಿಲುಬೇಳುವುದು. ಕಾಫಿಯೂ ಸ್ವಲ್ಪ ಹುಳಿಯ ಗುಣದ್ದೇ. ಕಲಾಯಿಯವರು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರವನ್ನೆರಚಿ, ತವರವನ್ನು ಸೋಕಿಸಿ, ಅರಳೆಯಿಂದ ಒಂದೇ ಬೀಸಿಗೆ ಒಳಮೈಗೆಲ್ಲ ಬಳಿಯುತ್ತಾರೆ. ಕಪ್ಪಾಗಿದ್ದ ಪಾತ್ರೆ ಕ್ಷಣದಲ್ಲಿ ಬೆಳ್ಳಿಯಂತಾಗುವುದನ್ನು ಬಾಲ್ಯದಲ್ಲಿ ಬೀದಿಯಲ್ಲಿ ನಿಂತು ನೋಡಿದವರು ಮರೆಯಲಾರರು. ಸ್ಟೀಲು ಬಂದಮೇಲೆ ಈ ಕಸುಬಿನವರು ವಿರಳರಾದರು. ಒಬ್ಬರು ಸಿಕ್ಕಿದರೆ ಅವರ ವಿಳಾಸವನ್ನು ಬರೆದಿಟ್ಟುಕೊಳ್ಳಿರಿ. ನೆರೆಹೊರೆಯವರೂ ಕೂಡಿ ಕೆಲಸ ಕೊಡಿರಿ.

ಇಷ್ಟು ಪದಾರ್ಥಗಳ ಮಾತು. ಇನ್ನು ಹೇಳಬೇಕಾದುದು ಅಷ್ಟು ಸುಲಭವಲ್ಲ.

ನಮ್ಮ ಹಿರಿಯರ ಮನೆಯನ್ನು ತೆರವು ಮಾಡುವಾಗ ಹಿತ್ತಿಲ ಕೊಟ್ಟಿಗೆಯ ಗೋಡೆಯಲ್ಲಿ, ಮೊಳೆಗೆ ತಗುಲಿಸಿದ್ದ ಒಂದು ಎನಾಮೆಲ್ ಕಪ್ಪು ಸಿಕ್ಕಿತು. ಬಿಳಿಯ ಮೈ, ನೀಲಿಯ ಅಂಚು. ಅದರ ಚೆಲುವಿಗೆ ಮರುಳಾಗಿ, ತೊಳೆದು, ಪಡಸಾಲೆಯ ಗೂಡಿನಲ್ಲಿ ನಟ್ಟನಡುವೆ ಇಟ್ಟೆವು. ನೋಡಿದವರೆಲ್ಲರೂ ಮೆಚ್ಚಿದರು. ಯುಗಾದಿಯ ಸಂಜೆ ಕೆಲವರನ್ನು ಕರೆದಿದ್ದೆವು. ಬಂದವರಲ್ಲಿ ಹತ್ತಿಯ ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರು ಆ ಗೂಡಿನ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಹೇಳಿದರು:

“ಇದು ನಿಮ್ಮ ಕೊಟ್ಟಿಗೆ ಗೋಡೆಗೆ ಇರ್ತಿತ್ತಲ್ರಿ. ನಮ್ಮವ್ವ ಸಗಣಿ ಬಾಚಾಕ ಬರ್ತಿದ್ಲು. ಮ್ಯಾಲಿಂದ ಕಾಫಿ ಹುಯ್ತಿದ್ರು. ಕುಡಿದು, ತಾನೇ ತೊಳೆದು, ಮತ್ತೆ ಮೊಳೆಗೆ ಹಾಕ್ತಿದ್ಲು.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ. ಕಪ್ಪನ್ನು ತೆಗೆಯಲು ಕೈಯೆತ್ತಿದೆವು. ಅವರೇ ತಡೆದರು: “ತೆಗಿಬ್ಯಾಡ್ರಿ. ಚಂದ ಐತಿ ಅಂದೋರಿಗೆ ಇದು ಏನು ಅಂತ ಹೇಳ್ರಿ, ಸಾಕು.”

ಅಂದು ಅವರಿಗೆ ಕಾಫಿ ಕೊಟ್ಟುದು ನಮ್ಮ ಅಜ್ಜಿಯ ಹೆಸರು ಕೊರೆದ ಲೋಟದಲ್ಲಿ. ಅದರಿಂದ ಹಳೆಯ ಲೆಕ್ಕ ತೀರಿತೆಂದು ನಾವು ತಿಳಿದಿಲ್ಲ. ಅವರು ಹೇಳೆಂದುದನ್ನು ಇಲ್ಲಿಯೂ ಹೇಳುತ್ತಿದ್ದೇವೆ, ಅಷ್ಟೆ.

ಇದು ಒಂದು ಮನೆಯ ಕಥೆಯಲ್ಲ. ಹೋಟೆಲುಗಳಲ್ಲಿಯೂ ಕೆಲವರಿಗೆ ಬೇರೆಯ ಲೋಟಗಳಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಧರ್ಮಶಾಲೆಗಳಲ್ಲಿ ಎಲ್ಲರಿಗಾಗಿ ಇರಿಸಿದ ಪಾತ್ರೆಗಳನ್ನು ಬಳಸಗೊಡದಿರುವುದನ್ನು ಹೆಸರಿಸಿಯೇ ಅಪರಾಧವೆಂದಿತು. ದೇಶದ ಕಾನೂನು ಒಂದು ಲೋಟದ ವಿಷಯಕ್ಕೆ ಇಳಿದು ಮಾತನಾಡಬೇಕಾಯಿತೆಂದರೆ, ಆ ಲೋಟದ ನೋವು ಎಷ್ಟಿದ್ದಿರಬೇಕು! ಹಾಗಿದ್ದರೂ ಎರಡು ಲೋಟದ ಪದ್ಧತಿಯ ಸುದ್ದಿ ನಮ್ಮ ನಾಡಿನ ಹಳ್ಳಿಗಳಿಂದ ಆ ಬಳಿಕವೂ ಬರುತ್ತಲೇ ಇದ್ದಿತು. ಮನೆಯ ಹಿತ್ತಿಲಿಗಾದರೋ ಕಾನೂನಿನ ಕೈ ಸುಲಭವಾಗಿ ನಿಲುಕದು. ಅಲ್ಲಿ ಮನೆಯವರ ಮನಸ್ಸೇ ಕಾನೂನು. ಮನೆಗೆಲಸದವರಿಗೆಂದು ಬೇರೆಯಾಗಿಟ್ಟ ಸ್ಟೀಲಿನ ಲೋಟ ಇಂದಿಗೂ ನಮ್ಮಲ್ಲಿ ಕೆಲವರ ಅಡುಗೆಮನೆಯ ಕಿಟಕಿಯಲ್ಲಿಲ್ಲವೆ? ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಹಳೆಯ ಪಾತ್ರೆಗಳನ್ನು ಕೂಡಿಸುವವರಿಗೆ ಇಲ್ಲೊಂದು ಅನುಕೂಲವಿದೆ. ಅಂಗಡಿಯಲ್ಲಿ ಕೊಂಡ ಕಪ್ಪುಗಳು ಹನ್ನೆರಡೂ ಒಂದೇ ಬಗೆಯವು; ಅವುಗಳ ನಡುವೆ ಬೇರೆಯದೊಂದನ್ನಿಟ್ಟರೆ ಅದು ಎದ್ದು ಕಾಣುವುದು. ಕೂಡಿಸಿದ ಬಟ್ಟಲುಗಳಾದರೋ ಒಂದರಂತೆ ಒಂದಿಲ್ಲ. ಕಲಾಯಿ ಹಾಕಿಸಿದ ಲೋಟ, ಹೂವಿನ ಕಪ್ಪು, ದಪ್ಪನೆಯ ಬಿಳಿಯ ಬಟ್ಟಲು, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಇರಿಸಿ, ಅತಿಥಿಗಳ ಮುಂದೆ ಹಿಡಿದು, ಬೇಕಾದುದನ್ನು ಅವರವರೇ ಆರಿಸಿಕೊಳ್ಳಲು ಬಿಡಿರಿ. ಮನೆಗೆಲಸಕ್ಕೆ ಬಂದಾಕೆಯ ಮುಂದೆಯೂ ಅದೇ ತಟ್ಟೆ ಹೋಗಲಿ. ಅಧಿಕಾರಿಗೆ ಎನಾಮೆಲ್ ಬರಬಹುದು, ಆಕೆಗೆ ಚಿನ್ನದ ಅಂಚು ಬರಬಹುದು; ಬಂದರೆ ಕೆಟ್ಟುದೇನು? ಒಡೆದುಹೋದೀತೆಂಬ ಭಯವಿರುವ ಬಟ್ಟಲನ್ನು ತಟ್ಟೆಗೇ ತರಬೇಡಿರಿ. ಜೊತೆಗೆ ನಮ್ಮೂರಿನ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳಿದ್ದರೆ ಸಂಜೆಯ ಕೂಟಕ್ಕೆ ಬೇರೆ ಸಿಂಗಾರ ಬೇಡ.

ಆ ನೀಲಿಯ ಅಂಚಿನ ಕಪ್ಪು ಗೂಡಿನಲ್ಲಿಯೇ ಇದೆ. ಬಂದವರು ಚೆಲುವಾಗಿದೆಯೆಂದರೆ, ಕಾಫಿ ಆರುವುದರೊಳಗೆ ಅದು ಏನೆಂಬುದನ್ನು ಹೇಳುತ್ತೇವೆ. ನಿಮ್ಮ ಮನೆಯ ಗೋಡೆಗಳಲ್ಲಿಯೂ ಅಂತಹ ಮೊಳೆಯೊಂದು ಇದ್ದೀತು, ಹುಡುಕಿ ನೋಡಿರಿ.